ಸೂಪರ್‌ಕಾರಿಗೆ ಯಾವ ಬಣ್ಣ? ಶೋರೂಮ್ ಇಲ್ಲದ ಊರಿನವರ ಲೆಕ್ಕ

ಹುಬ್ಬಳ್ಳಿ-ಧಾರವಾಡದಲ್ಲಿ ಸೂಪರ್‌ಕಾರ್ ಶೋರೂಮ್ ಇಲ್ಲ. ಲ್ಯಾಂಬೋರ್ಗಿನಿ ಬೇಕು, ಪೋರ್ಶೆ 911 ಬೇಕು ಅಂದರೆ ಬೆಂಗಳೂರಿಗೆ ಹೋಗಬೇಕು, ಇಲ್ಲವೇ ಮುಂಬೈಗೆ. ಗಾಡಿ ಮನೆಗೆ ಬಂದ ಮೇಲೂ ಅಷ್ಟೇ. ಬಂಪರ್ ಮೇಲೆ ಆಳವಾದ ಗೀರು ಬಿತ್ತು ಅಂದ್ರೆ ಕಾರು ಹೊರುವ ಫ್ಲ್ಯಾಟ್‌ಬೆಡ್ ಲಾರಿ ಹತ್ತಿಸಿ ಬೆಂಗಳೂರಿಗೆ ಸುಮಾರು 400 ಕಿಲೋಮೀಟರ್ ಕಳಿಸಬೇಕು. ಬಣ್ಣ ಆರಿಸುವಾಗ ಹೆಚ್ಚಿನವರು ಇದನ್ನು ಯೋಚಿಸುವುದೇ ಇಲ್ಲ. ದುಬೈಯಲ್ಲಿ ಯಾರೋ ಮಾಡಿಸಿದ ಸ್ಪೆಕ್, ಅಂದರೆ ಬಣ್ಣ ಮತ್ತು ಆಯ್ಕೆಗಳ ಜೋಡಣೆ, ನೋಡಿ, ಅದೇ ನನಗೂ ಇರಲಿ ಅಂತ ಹೇಳಿಬಿಡುತ್ತಾರೆ. ಅಲ್ಲಿನವರಿಗೆ ಎರೆ ಮಣ್ಣು ಗೊತ್ತಿಲ್ಲ, ನಮ್ಮ ರಂಗಪಂಚಮಿಯೂ ಗೊತ್ತಿಲ್ಲ.

ಹಾಗಾಗಿ ನಾನು ಹೇಳುವ ಕ್ರಮ ಸ್ವಲ್ಪ ಉಲ್ಟಾ. ಇಷ್ಟದ ಬಣ್ಣದಿಂದ ಶುರು ಮಾಡಬೇಡಿ. ಇಲ್ಲಿ ತೊಳೆಯೋಕೆ, ಇಲ್ಲಿ ಕಾಪಾಡೋಕೆ ಆಗುವಂಥವು ಯಾವುವು ಅಂತ ಮೊದಲು ಬೇರೆ ಮಾಡಿ. ಉಳಿದದ್ದರಲ್ಲಿ ಮನಸ್ಸು ಎಲ್ಲಿ ನಿಲ್ಲುತ್ತದೋ ನೋಡಿ. ಆಗಲೂ ಪಟ್ಟಿ ಸಾಕಷ್ಟು ಉದ್ದ ಇರುತ್ತದೆ, ಹೆದರಬೇಡಿ.

ಮೊದಲ ಹೆಜ್ಜೆ: ಮಣ್ಣು ಮತ್ತು ನೀರು

ಭಾನುವಾರ ಬೆಳಗ್ಗೆ ನೀವು ಯಾವ ಕಡೆ ಗಾಡಿ ಬಿಡುತ್ತೀರಿ? ಗದಗ, ನವಲಗುಂದದ ಕಡೆ ಆದರೆ ಕಪ್ಪು ಎರೆ ಮಣ್ಣು. ಸುಗ್ಗಿಯ ಕಾಲದಲ್ಲಿ ಟ್ರ್ಯಾಕ್ಟರ್ ಚಕ್ರದಿಂದ ಉದುರಿದ ಹೆಂಟೆಗಳು ಡಾಂಬರಿನ ಮೇಲೆ ಪುಡಿಯಾಗಿ ಬಿದ್ದಿರುತ್ತವೆ. ಕಲಘಟಗಿ ದಾಟಿ ಯಲ್ಲಾಪುರ, ಅರಬೈಲ್ ಘಾಟ್ ಕಡೆ ಹೋಗುವವರಿಗೆ ಕೆಂಪು ಮಣ್ಣು. ಮಳೆಗಾಲದಲ್ಲಿ ಅದು ಬಾಗಿಲಿನ ಅರ್ಧದವರೆಗೆ ಹಾರುತ್ತದೆ. ಧಾರವಾಡ ಇವೆರಡರ ನಡುವೆ ಕೂತಿದೆ. ಅಲ್ಲಿನವರಿಗೆ ಎರಡೂ ಸಿಗುತ್ತವೆ.

ಧೂಳನ್ನು ಚೆನ್ನಾಗಿ ಮುಚ್ಚಿಕೊಳ್ಳುವುದು ಬೆಳ್ಳಿ ಬಣ್ಣ, ಮಧ್ಯಮ ಬೂದು, ಮತ್ತೆ ಪೋರ್ಶೆಯ ಚಾಕ್‌ನಂಥ ಸುಣ್ಣದ ಬೂದು. ಒಂದು ವಾರ ತೊಳೆಯದಿದ್ದರೂ ಮರ್ಯಾದೆ ಉಳಿಯುತ್ತದೆ. ಹಳದಿ, ಕಿತ್ತಳೆ ಮೇಲೆ ಕೆಂಪು ಮಣ್ಣು ಅಷ್ಟಾಗಿ ಕಾಣುವುದಿಲ್ಲ. ಬಿಳಿ ಒಣ ಧೂಳಿಗೆ ಒಳ್ಳೆಯದು, ಮಳೆಗಾಲದ ಕೆಸರಿಗೆ ಅಲ್ಲ. ಕಪ್ಪು ಮತ್ತು ಕಡುನೀಲಿ? ತೊಳೆದು ಹೊರಗೆ ತೆಗೆದು, ಉಣಕಲ್ ದಾಟುವಷ್ಟರಲ್ಲಿ ಧೂಳು ಕೂತಿರುತ್ತದೆ.

ಧೂಳಿಗಿಂತ ದೊಡ್ಡ ಸಮಸ್ಯೆ ಅದನ್ನು ಒರೆಸುವ ಕೈ. ಒಣ ಬಟ್ಟೆಯಿಂದ ಸುಮ್ನೆ ಒಮ್ಮೆ ಒರೆಸಿದರೂ ಮಣ್ಣಿನ ಹರಳುಗಳು ಬಣ್ಣದ ಮೇಲಿನ ಪಾರದರ್ಶಕ ಪದರವನ್ನು, ಅಂದರೆ ಕ್ಲಿಯರ್ ಕೋಟನ್ನು, ಗೀರುತ್ತವೆ. ಬಿಸಿಲಲ್ಲಿ ನಿಂತಾಗ ಜೇಡರ ಬಲೆಯಂತೆ ಗೋಲ ಗೋಲ ಗೆರೆ ಕಾಣುವುದು ಇದೇ. ಗೀರು ಎಲ್ಲ ಬಣ್ಣದ ಗಾಡಿಯ ಮೇಲೂ ಬೀಳುತ್ತದೆ, ಆದರೆ ಕಪ್ಪಿನ ಮೇಲೆ ಎದ್ದು ಕಾಣುತ್ತದೆ, ಬೆಳ್ಳಿಯ ಮೇಲೆ ಹುಡುಕಬೇಕಾಗುತ್ತದೆ.

ಇನ್ನು ನೀರು. ಕಾರ್ಪೊರೇಶನ್ ನೀರು ಎಷ್ಟೋ ಬಡಾವಣೆಗಳಿಗೆ ದಿನಾ ಬರುವುದಿಲ್ಲ. ಹಾಗಾಗಿ ಗಾಡಿ ತೊಳೆಯುವುದು ಬೋರ್‌ವೆಲ್ ನೀರಿನಲ್ಲಿ. ನಮ್ಮ ಕಡೆ, ಅದರಲ್ಲೂ ಗದಗದ ಸುತ್ತ, ಅದು ಗಡಸು ನೀರು. ಬಿಸಿಲಲ್ಲಿ ಹನಿ ಒಣಗಿದರೆ ಸುಣ್ಣದ ಬಿಳಿ ಉಂಗುರ ಉಳಿಯುತ್ತದೆ. ಹೊಳಪಿನ ಪೇಂಟ್ ಮೇಲಾದರೆ ಅದನ್ನು ತೆಗೆಯಬಹುದು, ಹೆಚ್ಚೆಂದರೆ ಪಾಲಿಶ್ ಮಾಡಬಹುದು. ಮ್ಯಾಟ್, ಅಂದರೆ ಹೊಳಪಿಲ್ಲದ ಪೇಂಟ್ ಮೇಲಾದರೆ ಆ ದಾರಿಯೇ ಇಲ್ಲ. ಕಡುಬಣ್ಣವೇ ಬೇಕು ಅಂತ ಹಟ ಇದ್ದವರು ಕೊನೆಯ ಜಾಲಾಟಕ್ಕೆ ಆರ್‌ಒ ನೀರಿನ ವ್ಯವಸ್ಥೆ ಮಾಡಿಕೊಳ್ಳಿ. ತೊಳೆಯುವುದು ನೆರಳಲ್ಲೇ ಆಗಲಿ.

ಎರಡನೆಯದು: ಪೇಂಟಿನ ಜಾತಿ

ಬಣ್ಣದ ಹೆಸರಿಗಿಂತ ಅದು ಯಾವ ಬಗೆಯ ಪೇಂಟ್ ಅನ್ನುವುದು ಮುಖ್ಯ. ಸಾಲಿಡ್ ಅಂದರೆ ಬರೀ ಬಣ್ಣ, ಮೇಲೆ ಕ್ಲಿಯರ್ ಕೋಟ್. ಫೆರಾರಿಯ ರೊಸ್ಸೊ ಕೊರ್ಸಾ, ಲ್ಯಾಂಬೋರ್ಗಿನಿಯ ಬಿಯಾಂಕೊ ಮೊನೊಸೆರಸ್ ಈ ಗುಂಪಿನವು. ಮೆಟಾಲಿಕ್‌ನಲ್ಲಿ ಅಲ್ಯುಮಿನಿಯಮ್‌ನ ಸಣ್ಣ ಚೂರುಗಳಿರುತ್ತವೆ, ಬೆಳಕು ಬಿದ್ದ ಕಡೆ ಮಿಂಚುತ್ತದೆ, ಓರೆಯಾದ ಕಡೆ ಕಪ್ಪಾಗುತ್ತದೆ. ಪರ್ಲ್‌ನಲ್ಲಿ ಮೈಕಾ ಅಂದರೆ ಅಭ್ರಕದ ತೆಳು ಚಕ್ಕೆಗಳು. ನೋಡುವ ಕೋನ ಬದಲಾದಂತೆ ಬಣ್ಣವೇ ಸ್ವಲ್ಪ ಬದಲಾಗುತ್ತದೆ. ಲ್ಯಾಂಬೋರ್ಗಿನಿಯ ಹಸಿರು ವೆರ್ಡೆ ಮ್ಯಾಂಟಿಸ್, ಕಿತ್ತಳೆ ಅರಾನ್ಸಿಯೊ ಬೊರಿಯಾಲಿಸ್ ಇಂಥವು. ಇವುಗಳಿಗಿಂತ ಮೇಲಿನ ದರ್ಜೆಯಲ್ಲಿ ಮೂರು ಪದರದ ಪೇಂಟುಗಳಿವೆ: ತಳದ ಬಣ್ಣ, ನಡುವೆ ಪಾರದರ್ಶಕ ಬಣ್ಣದ ಪದರ, ಮೇಲೆ ಕ್ಲಿಯರ್. ನೋಡಲು ಆಳ ಜಾಸ್ತಿ, ಬೆಲೆಯೂ ಜಾಸ್ತಿ.

ರಿಪೇರಿ ಲೆಕ್ಕದಲ್ಲಿ ಸಾಲಿಡ್ ಎಲ್ಲಕ್ಕಿಂತ ಸುಲಭ. ಮೆಟಾಲಿಕ್ ಸಿಂಪಡಿಸುವಾಗ ಗನ್ನಿನ ಒತ್ತಡ, ದೂರ, ಪದರದ ತೇವ ಸ್ವಲ್ಪ ಬದಲಾದರೂ ಚೂರುಗಳು ಬೇರೆ ರೀತಿ ಕೂರುತ್ತವೆ. ಒಂದು ಬಾಗಿಲಿಗೆ ಮಾತ್ರ ಬಣ್ಣ ಹೊಡೆದರೆ ಪಕ್ಕದ ಭಾಗದ ಜೊತೆ ಹೊಂದುವುದಿಲ್ಲ, ಅಲ್ಲಿಗೂ ಸ್ವಲ್ಪ ಹರಡಿ ಬೆರೆಸಬೇಕಾಗುತ್ತದೆ. ಮೂರು ಪದರದ್ದಂತೂ ನಡುವಿನ ಪದರ ಒಂದು ಸುತ್ತು ಹೆಚ್ಚಾದರೂ ಬೇರೆಯೇ ಬಣ್ಣ. ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ, ಅಲ್ಲಿ ಕೇಸರಿ ಎಷ್ಟು ಕೇಸರಿ ಇರಬೇಕು ಅನ್ನುವುದಕ್ಕೂ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮಾನದಂಡ ಇದೆ, ಕಣ್ಣಳತೆ ನಡೆಯುವುದಿಲ್ಲ. ಕಾರಿನ ಪೇಂಟಿನಲ್ಲೂ ಅಂಥದ್ದೇ ಕಟ್ಟುನಿಟ್ಟು ಬೇಕು. ಕಂಪನಿಯ ಪೇಂಟ್ ಕೋಡ್ ನೋಡಿ ಬಣ್ಣ ಬೆರೆಸುವವರು ಇಲ್ಲೂ ಇದ್ದಾರೆ. ಆದರೆ ಕಾರ್ಬನ್ ಫೈಬರ್, ಅಲ್ಯುಮಿನಿಯಮ್, ಪ್ಲಾಸ್ಟಿಕ್ ಮೂರೂ ಇರುವ ಮೈಗೆ ಮೂರು ಪದರದ ಪೇಂಟ್ ಹೊಡೆಯುವ ಅಭ್ಯಾಸ ಎಷ್ಟು ಜನರಿಗಿರುತ್ತದೆ? ದೂರದ ವರ್ಕ್‌ಶಾಪನ್ನು ನಂಬಿ ಗಾಡಿ ಇಟ್ಟುಕೊಳ್ಳುವವರಿಗೆ ಸಾಲಿಡ್ ಅಥವಾ ಸರಳ ಮೆಟಾಲಿಕ್ ಸಾಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೈಯ ಆಕಾರವನ್ನೂ ನೋಡಿ. ಲ್ಯಾಂಬೋರ್ಗಿನಿಯದ್ದು ಚೂಪಾದ ಅಂಚು, ಚಪ್ಪಟೆ ಮುಖಗಳು. ನೆರಳೇ ಗೆರೆ ಎಳೆಯುವುದರಿಂದ ಅದಕ್ಕೆ ಗಾಢವಾದ ಸಾಲಿಡ್ ಬಣ್ಣವೂ ಒಪ್ಪುತ್ತದೆ. ಪೋರ್ಶೆ 911, ಮ್ಯಾಕ್‌ಲಾರೆನ್‌ಗಳಲ್ಲಿ ಉಬ್ಬು ತಗ್ಗುಗಳು ಮೆತ್ತಗೆ ಹರಿಯುತ್ತವೆ. ಅಲ್ಲಿ ಮೆಟಾಲಿಕ್ ಚೆನ್ನ. ಕಪ್ಪು ಬಣ್ಣ ಎರಡಕ್ಕೂ ಅನ್ಯಾಯ ಮಾಡುತ್ತದೆ. ಗಾಳಿ ಹೋಗುವ ಕಿಂಡಿ, ಅಂಚು, ಬಾಗು ಎಲ್ಲವೂ ಒಂದೇ ಕಪ್ಪಿನಲ್ಲಿ ಮುಳುಗುತ್ತವೆ. ಇಷ್ಟು ಹಣ ಕೊಟ್ಟು ಆಕಾರ ಮುಚ್ಚಿಡುವುದು ಯಾಕೆ?

ಮ್ಯಾಟ್ ಬೇಕು ಅನ್ನುವವರಿಗೆ

ಯುವಕರು ಬಂದರೆ ಹತ್ತರಲ್ಲಿ ಎಂಟು ಜನ ಮ್ಯಾಟ್ ಕೇಳುತ್ತಾರೆ. ನೀರೊ ನೆಮೆಸಿಸ್ ಅನ್ನುವ ಲ್ಯಾಂಬೋರ್ಗಿನಿಯ ಮ್ಯಾಟ್ ಕಪ್ಪು ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ, ನಿಜ.

ಮ್ಯಾಟ್ ಪೇಂಟಿನಲ್ಲಿ ಕ್ಲಿಯರ್ ಕೋಟೇ ಸೂಕ್ಷ್ಮವಾಗಿ ಒರಟಾಗಿರುತ್ತದೆ. ಬೆಳಕು ನೇರವಾಗಿ ಹಿಂದಿರುಗದೆ ಚದುರುತ್ತದೆ, ಅದಕ್ಕೇ ಹೊಳಪಿಲ್ಲ. ಪಾಲಿಶ್ ಮಾಡಿದರೆ ಆ ಒರಟು ಸವೆದು ಅಲ್ಲಿ ಮಾತ್ರ ಹೊಳೆಯುತ್ತದೆ. ಅಂದರೆ ಗೀರು ತೆಗೆಯಲು ಆಗುವುದಿಲ್ಲ, ವ್ಯಾಕ್ಸ್ ಹಚ್ಚುವಂತಿಲ್ಲ, ಯಂತ್ರದ ಬ್ರಶ್ ತಾಗಿಸುವಂತಿಲ್ಲ. ಹಕ್ಕಿ ಹಿಕ್ಕೆ ಬಿಸಿಲಲ್ಲಿ ಒಣಗಿ ಕಲೆ ಬಿದ್ದರೆ ಇಡೀ ಭಾಗಕ್ಕೆ ಮತ್ತೆ ಬಣ್ಣ ಹೊಡೆಸಬೇಕು. ಹೋಳಿ ಆಗಿ ಐದನೇ ದಿನ ಹುಬ್ಬಳ್ಳಿಯ ಬೀದಿ ಹೇಗಿರುತ್ತದೆ ಅಂತ ಬೇರೆ ಹೇಳಬೇಕಿಲ್ಲ. ರಂಗಪಂಚಮಿಯ ದಿನ ಒಂದು ಚೊಂಬು ಬಣ್ಣದ ನೀರು ಮ್ಯಾಟ್ ಬಾನೆಟ್ ಮೇಲೆ ಬಿತ್ತು ಅಂದ್ರೆ, ಮುಂದಿನದು ಬೆಂಗಳೂರಿನ ಫ್ಲ್ಯಾಟ್‌ಬೆಡ್.

ಇದಕ್ಕೆ ಒಳ್ಳೆಯ ಅಡ್ಡದಾರಿ ಇದೆ. ಫ್ಯಾಕ್ಟರಿಯಿಂದ ಹೊಳಪಿನ ಬಣ್ಣವನ್ನೇ ತರಿಸಿ. ಮೇಲೆ ಸ್ಯಾಟಿನ್, ಅಂದರೆ ಹೊಳಪು ತಗ್ಗಿಸಿದ, ಪಿಪಿಎಫ್ ಹಾಕಿಸಿ. ಪಿಪಿಎಫ್ ಅಂದರೆ ಪಾಲಿಯುರೆಥೇನ್‌ನ ಪಾರದರ್ಶಕ ಹಾಳೆ, ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್ ದಪ್ಪ. ಕ್ಲಿಯರ್ ಕೋಟ್ ಇರುವುದೇ 40-50 ಮೈಕ್ರಾನ್ ಆಸುಪಾಸು, ಹಾಗಾಗಿ ಕಲ್ಲಿನ ಪೆಟ್ಟನ್ನು ಹಾಳೆಯೇ ತಿನ್ನುತ್ತದೆ. ಮೇಲಿನ ಸಣ್ಣ ಗೀರುಗಳು ಬಿಸಿಲಿನ ಶಾಖಕ್ಕೆ ತಾವೇ ಮುಚ್ಚಿಕೊಳ್ಳುತ್ತವೆ. ನಮ್ಮಲ್ಲಿ ಬಿಸಿಲಿಗೇನು ಬರವಿಲ್ಲ! ನೋಟ ಮ್ಯಾಟ್‌ನದ್ದೇ. ಕಲೆ ಬಿದ್ದರೆ ಆ ಒಂದು ಹಾಳೆ ಕಿತ್ತು ಬೇರೆ ಹಾಕಿಸಬಹುದು, ಮನಸ್ಸು ಬದಲಾದರೆ ಪೂರ್ತಿ ತೆಗೆಸಿ ಹೊಳಪಿಗೆ ಮರಳಬಹುದು. ಮಾರುವಾಗಲೂ ಅನುಕೂಲ.

ಸೆರಾಮಿಕ್ ಕೋಟಿಂಗ್ ಹಾಕಿಸಿದರೆ ಸಾಲದೇ ಅಂತ ಕೇಳುವವರಿದ್ದಾರೆ. ಅದು ತೆಳುವಾದ ಪದರ. ನೀರು ಜಾರುತ್ತದೆ, ತೊಳೆಯುವುದು ಹಗುರವಾಗುತ್ತದೆ. ಕಲ್ಲು ತಡೆಯುವುದಿಲ್ಲ. ಹೆದ್ದಾರಿ 48ರಲ್ಲಿ ಜಲ್ಲಿ ಲಾರಿಯ ಹಿಂದೆ ಒಮ್ಮೆ ಹೋದವರಿಗೆ ಎರಡರ ವ್ಯತ್ಯಾಸ ತಿಳಿಯುತ್ತದೆ.

ಸ್ಯಾಂಪಲ್ ಹೊರಗೆ ತನ್ನಿ

ಆಯ್ಕೆಗಳನ್ನು ಹಾಕಿ ಗಾಡಿ ಹೇಗೆ ಕಾಣುತ್ತದೆ ಅಂತ ತೋರಿಸುವ ಕಂಪನಿಯ ಕಾನ್ಫಿಗರೇಟರ್ ಪರದೆಯನ್ನು ನಂಬಿ ಬಣ್ಣ ಅಂತಿಮ ಮಾಡಬೇಡಿ. ಅದರಲ್ಲಿ ಗಾಡಿ ನಿಂತಿರುವುದು ಇಟಲಿಯ ಸಂಜೆಯಲ್ಲಿ, ಮೋಡದ ಮೆತ್ತನೆ ಬೆಳಕಿನಲ್ಲಿ. ಏಪ್ರಿಲ್‌ನ ಹುಬ್ಬಳ್ಳಿ ಮಧ್ಯಾಹ್ನ ಅದರಲ್ಲಿ ಇಲ್ಲ. ನೆತ್ತಿಯ ಬಿಸಿಲು ತಿಳಿ ಬಣ್ಣಗಳನ್ನು ತೊಳೆದುಹಾಕುತ್ತದೆ. ಪರದೆಯಲ್ಲಿ ಸೊಗಸಾದ ತಿಳಿನೀಲಿ ಇಲ್ಲಿ ಬರೀ ಬಿಳಿಯಂತೆ ಕಾಣಬಹುದು. ಅದೇ ಬಿಸಿಲು ಕಡುಹಸಿರು, ಕಡುನೇರಳೆಯ ಮೆಟಾಲಿಕ್‌ಗಳನ್ನು ಎಬ್ಬಿಸುತ್ತದೆ. ಶೋರೂಮಿನೊಳಗೆ ಕಪ್ಪಾಗಿ ಕಾಣುತ್ತಿದ್ದ ಬಣ್ಣ ಹೊರಗೆ ಬಂದಾಗ ಹಸಿರು ಅಂತ ಗೊತ್ತಾಗುತ್ತದೆ.

ಡೀಲರ್ ಹತ್ತಿರ ಪೇಂಟ್ ಹೊಡೆದ ಸ್ಯಾಂಪಲ್‌ಗಳು ಇರುತ್ತವೆ. ಚಪ್ಪಟೆ ತುಂಡಿಗಿಂತ ಬಾಗಿದ ತುಂಡು ಕೇಳಿ. ಎಲ್‌ಇಡಿ ದೀಪದ ಕೆಳಗೆ ನೋಡಿದ್ದು ಲೆಕ್ಕಕ್ಕಿಲ್ಲ, ರಸ್ತೆಗೆ ತನ್ನಿ. ಮಧ್ಯಾಹ್ನ ಒಮ್ಮೆ, ಬಿಸಿಲು ಇಳಿಯುವಾಗ ಒಮ್ಮೆ, ರಾತ್ರಿ ಬೀದಿದೀಪದಲ್ಲಿ ಒಮ್ಮೆ ನೋಡಿ. ಬಾನೆಟ್‌ನಂತೆ ಮಲಗಿಸಿ ನೋಡಿ, ಬಾಗಿಲಿನಂತೆ ನಿಲ್ಲಿಸಿ ನೋಡಿ. ಪಕ್ಕದಲ್ಲಿ ಚರ್ಮದ ತುಂಡು, ವ್ಹೀಲ್ ಬಣ್ಣದ ತುಂಡು ಇಡಿ. ಒಳಗೆ ಹೊಂದಿದ್ದ ಎರಡು ಬಣ್ಣ ಬಿಸಿಲಲ್ಲಿ ಜಗಳ ಆಡುವುದು ಅಪರೂಪವೇನಲ್ಲ. ಒಂದು ರಾತ್ರಿ ಬೆಂಗಳೂರಲ್ಲಿ ಉಳಿಯಬೇಕಾದರೂ ಉಳಿಯಿರಿ. ಇಷ್ಟು ದುಡ್ಡಿನ ಗಾಡಿಗೆ ಒಂದು ಲಾಡ್ಜ್ ಬಾಡಿಗೆ ಭಾರ ಆಗದು.

ಕಂಪನಿಯ ಪರಂಪರೆಯ ಬಣ್ಣವೇ ಇರಲಿ ಅನ್ನುವವರಿಗೆ ಒಂದು ಮಾತು. ಕಳೆದ ಶತಮಾನದ ಶುರುವಿನ ರೇಸುಗಳಲ್ಲಿ ದೇಶಕ್ಕೊಂದು ಬಣ್ಣ ಇತ್ತು: ಇಟಲಿಗೆ ಕೆಂಪು, ಫ್ರಾನ್ಸಿಗೆ ನೀಲಿ, ಬ್ರಿಟನ್ನಿಗೆ ಹಸಿರು, ಜರ್ಮನಿಗೆ ಬಿಳಿ, ಮುಂದೆ ಬೆಳ್ಳಿ. ಫೆರಾರಿಯ ಕೆಂಪು ಬಂದದ್ದು ಅಲ್ಲಿಂದ. ಆದರೆ ಅದರ ಲಾಂಛನದ ಹಿಂದಿರುವ ಹಳದಿ ಮೊಡೆನಾ ಊರಿನ ಬಣ್ಣ, ಹಾಗಾಗಿ ಹಳದಿ ಫೆರಾರಿಯೂ ಪರಂಪರೆಗೆ ಹೊರತಲ್ಲ. ನಮ್ಮ ಬೆಳಕಿಗೆ ಕೆಂಪಿಗಿಂತ ಜಾಲ್ಲೊ ಮೊಡೆನಾ ಅನ್ನುವ ಆ ಹಳದಿಯೇ ಚೆನ್ನ ಅಂತ ನನಗನ್ನಿಸುತ್ತದೆ. ಮ್ಯಾಕ್‌ಲಾರೆನ್‌ನ ಪಪಾಯಾ ಕಿತ್ತಳೆ 1960ರ ದಶಕದ ಕೊನೆಯ ರೇಸ್ ಕಾರುಗಳದ್ದು. ಕೆಂಪು ಬಿಸಿಲಿಗೆ ಮಾಸುತ್ತದೆ ಅನ್ನುವ ಹಳೆಯ ಮಾತು ಕ್ಲಿಯರ್ ಕೋಟ್ ಇಲ್ಲದ ಕಾಲದ್ದು. ಈಗಿನ ಪೇಂಟಿಗೆ ಅಷ್ಟು ಹೆದರಬೇಕಿಲ್ಲ.

ಕಾರ್ಬನ್, ವ್ಹೀಲ್, ಕ್ಯಾಲಿಪರ್

ಕಾರ್ಬನ್ ಫೈಬರ್ ಭಾಗಗಳ ಪಟ್ಟಿ ನೋಡಿದರೆ ಎಲ್ಲವೂ ಬೇಕು ಅನ್ನಿಸುತ್ತದೆ. ಮುಂದಿನ ಕೆಳತುಟಿ, ಅಂದರೆ ಸ್ಪ್ಲಿಟರ್, ಮಾತ್ರ ಕಾರ್ಬನ್‌ನಲ್ಲಿ ಬೇಡ. ನಮ್ಮ ಊರುಗಳ ಹಂಪುಗಳಿಗೆ ಯಾವ ಅಳತೆಯೂ ಇಲ್ಲ. ಅದು ಕೆರೆಯುವುದು ಖಚಿತ, ಯಾವಾಗ ಅನ್ನುವುದಷ್ಟೇ ಪ್ರಶ್ನೆ. ಆ ದುಡ್ಡನ್ನು ಮೂತಿ ಎತ್ತುವ ಫ್ರಂಟ್ ಲಿಫ್ಟ್‌ಗೆ ಹಾಕಿ. ಇದು ಬಣ್ಣದ ವಿಷಯ ಅಲ್ಲ, ಆದರೂ ಇಲ್ಲಿ ಹೇಳಲೇಬೇಕು. ಪಕ್ಕದ ಕೆಳಪಟ್ಟಿಗಳನ್ನೂ ಮೈಬಣ್ಣಕ್ಕಿಂತ ಕಪ್ಪಿನಲ್ಲೇ ಬಿಡುವುದು ವಾಸಿ, ಕಲ್ಲಿನ ಪೆಟ್ಟು ಕಾಣುವುದಿಲ್ಲ. ಕಾರ್ಬನ್ ಹಾಕಿಸುವುದಾದರೆ ಕಣ್ಣಿಗೆ ಹತ್ತಿರ ಇರುವ ಕಡೆ ಹಾಕಿಸಿ: ಕನ್ನಡಿ, ಎಂಜಿನ್ ಕೋಣೆ, ಒಳಗಿನ ನಡುಪಟ್ಟಿ.

ವ್ಹೀಲ್‌ಗೆ ಎಲ್ಲರೂ ಹೊಳೆಯುವ ಕಪ್ಪು ಕೇಳುತ್ತಾರೆ. ಎರಡು ದಿನದಲ್ಲಿ ಅದು ಕಂದು ಆಗಿರುತ್ತದೆ. ಕಂಚಿನ ಬಣ್ಣ ನಮ್ಮ ಕಡೆಗೆ ಹೇಳಿ ಮಾಡಿಸಿದ್ದು. ಧೂಳು ಕೂತರೂ ಗೊತ್ತಾಗುವುದಿಲ್ಲ, ಬಿಳಿ, ಬೂದು, ಹಸಿರು, ನೀಲಿ ಯಾವುದರ ಜೊತೆಗೂ ಒಪ್ಪುತ್ತದೆ. ಬೆಳ್ಳಿ ವ್ಹೀಲ್ ಬೇಕು ಅಂದರೆ ಬ್ರೇಕ್ ಯಾವುದು ನೋಡಿ. ಕಬ್ಬಿಣದ ಡಿಸ್ಕ್ ಬಿಡುವ ಕರಿ ಪುಡಿ ಬೆಳ್ಳಿಯನ್ನು ಬೇಗ ಕೆಡಿಸುತ್ತದೆ. ಕಾರ್ಬನ್ ಸೆರಾಮಿಕ್ ಡಿಸ್ಕ್‌ನಲ್ಲಿ ಆ ಪುಡಿ ತೀರಾ ಕಡಿಮೆ. ಲೇತ್ ಮೇಲೆ ಕೆತ್ತಿ ಹೊಳಪು ಕೊಟ್ಟ ಡೈಮಂಡ್ ಕಟ್ ಬೇಡವೇ ಬೇಡ. ಫುಟ್‌ಪಾತ್ ಅಂಚಿಗೆ ತಾಗಿದರೆ ಮತ್ತೆ ಲೇತ್‌ಗೇ ಹೋಗಬೇಕು, ಅದೂ ಎಷ್ಟು ಸಲ ಬೇಕಾದರೂ ಆಗುವುದಿಲ್ಲ.

ಕ್ಯಾಲಿಪರ್ ಅಂದರೆ ಬ್ರೇಕ್ ಡಿಸ್ಕನ್ನು ಹಿಡಿಯುವ, ವ್ಹೀಲ್ ಸಂದಿಯಲ್ಲಿ ಕಾಣುವ ಭಾಗ. ಅದರ ಬಣ್ಣಕ್ಕೆ ನನ್ನದೊಂದು ನಿಯಮ: ಆ ಬಣ್ಣ ಗಾಡಿಯಲ್ಲಿ ಇನ್ನೊಂದು ಕಡೆ ಇರಬೇಕು, ಸೀಟಿನ ಹೊಲಿಗೆಯಲ್ಲೋ ಬೆಲ್ಟಿನಲ್ಲೋ. ಇಲ್ಲದಿದ್ದರೆ ಕಪ್ಪು. ಪೋರ್ಶೆಯಲ್ಲಿ ಹಳದಿ ಕ್ಯಾಲಿಪರ್ ಸೆರಾಮಿಕ್ ಬ್ರೇಕಿನ ಗುರುತು ಅನ್ನುವುದೂ ನೆನಪಿರಲಿ. ಒಟ್ಟಾರೆ ಮೈಗೆ ಒಂದು ಬಣ್ಣ, ಒಂದು ಕಪ್ಪು ಅಥವಾ ಕಾರ್ಬನ್, ಒಂದು ಚಿಟಿಕೆ ಬೇರೆ ಬಣ್ಣ. ನಾಲ್ಕನೆಯದು ಬಂದರೆ ಜಾತ್ರೆ. ಬಿಳಿ ನಂಬರ್ ಪ್ಲೇಟನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಂಪನಿಯ ಫೋಟೊಗಳಲ್ಲಿ ಅದು ಕಾಣುವುದಿಲ್ಲ. ನಿಮ್ಮ ಗಾಡಿಯ ಕಪ್ಪು ಮೂತಿಯ ಮಧ್ಯೆ ಕೆಎ 25 ಅಥವಾ ಕೆಎ 63 ಅಂತ ಬೆಳ್ಳಗೆ ಕೂತೇ ಕೂರುತ್ತದೆ.

ಒಳಗಿನ ಬಣ್ಣಕ್ಕೆ ಹೆಚ್ಚು ಹೊತ್ತು ಕೊಡಿ

ಹೊರಗಿನದು ಇಷ್ಟವಾಗದಿದ್ದರೆ ಬಣ್ಣದ ಹಾಳೆ ಹಾಕಿ ಮುಚ್ಚಬಹುದು. ಚರ್ಮ ಹಾಗಲ್ಲ, ಒಮ್ಮೆ ಹೊಲಿದು ಬಂದರೆ ಅದೇ. ಗಾಡಿ ಓಡಿಸುವಾಗ ನೀವು ನೋಡುವುದೂ ಅದನ್ನೇ.

ಡ್ಯಾಶ್‌ಬೋರ್ಡಿನ ಮೇಲ್ಭಾಗ ಕಪ್ಪೋ ಕಡುಬೂದೋ ಇರಲಿ, ಇದರಲ್ಲಿ ರಾಜಿ ಬೇಡ. ಸೂಪರ್‌ಕಾರುಗಳ ಮುಂಗಾಜು ತುಂಬಾ ಓರೆ. ಕೆನೆ ಬಣ್ಣದ ಡ್ಯಾಶ್ ಹಾಕಿಸಿದರೆ ಬಿಸಿಲಲ್ಲಿ ಅದರ ಬಿಂಬ ಇಡೀ ಗಾಜಿನ ಮೇಲೆ ಬೀಳುತ್ತದೆ, ರಸ್ತೆ ಮಸುಕಾಗುತ್ತದೆ. ಸೀಟು ತಿಳಿಬಣ್ಣದ್ದಾದರೆ ಬೇಸಿಗೆಯಲ್ಲಿ ಸುಡುವುದು ಕಡಿಮೆ, ಆದರೆ ಹೊಸ ಜೀನ್ಸ್‌ನ ನೀಲಿ ಕೆನೆ ಚರ್ಮಕ್ಕೆ ಹತ್ತುತ್ತದೆ. ಕಂದು, ಇಟ್ಟಿಗೆ ಕೆಂಪು, ಮಧ್ಯಮ ಬೂದು ಎರಡಕ್ಕೂ ನಡುವಿನ ದಾರಿ.

ಅಲ್ಕಾಂಟಾರಾ ಚರ್ಮ ಅಲ್ಲ, ಪಾಲಿಯೆಸ್ಟರ್ ಮತ್ತು ಪಾಲಿಯುರೆಥೇನ್‌ನಿಂದ ಮಾಡಿದ ಮಖಮಲ್ಲಿನಂಥ ಬಟ್ಟೆ. ಸೀಟಿನ ನಡುವೆ ಅದು ಒಳ್ಳೆಯದು, ಮೈ ಜಾರುವುದಿಲ್ಲ, ಚರ್ಮದಷ್ಟು ಬಿಸಿಯಾಗುವುದೂ ಇಲ್ಲ. ಸ್ಟೀರಿಂಗ್‌ಗೆ ಬೇಡ. ಬೆವರು, ಧೂಳು ಸೇರಿ ನೂಲು ಅಂಟಿಕೊಂಡು ಹೊಳೆಯತೊಡಗುತ್ತದೆ. ಅಲ್ಲಿ ನಯವಾದ ಚರ್ಮವೇ ಇರಲಿ. ಕಾರ್ಪೆಟ್ ಕಡುಬಣ್ಣದ್ದು, ಮೇಲೆ ರಬ್ಬರ್ ಮ್ಯಾಟ್. ಎರೆ ಮಣ್ಣು ಮೆಟ್ಟಿ ಬಂದ ಚಪ್ಪಲಿಗೆ ಇದು ಲ್ಯಾಂಬೋರ್ಗಿನಿ ಅಂತ ಗೊತ್ತಾಗುವುದಿಲ್ಲ.

ದುಡ್ಡು

ಪೂರ್ತಿ ತಯಾರಾಗಿ ಹೊರದೇಶದಿಂದ ಬರುವ ಗಾಡಿಗೆ ಆಮದು ಸುಂಕ ಬೀಳುವುದು ಆಯ್ಕೆಗಳೂ ಸೇರಿದ ಬೆಲೆಯ ಮೇಲೆ. ಅದರ ಮೇಲೆ ಜಿಎಸ್‌ಟಿ, ಇಲ್ಲಿ ಬಂದ ಮೇಲೆ ರಾಜ್ಯದ ಆಜೀವ ತೆರಿಗೆ. ಹಾಗಾಗಿ ಯೂರೋ ಪಟ್ಟಿಯಲ್ಲಿ ಸಣ್ಣದಾಗಿ ಕಂಡ ವಿಶೇಷ ಪೇಂಟ್ ಇಲ್ಲಿ ಮುಟ್ಟುವಷ್ಟರಲ್ಲಿ ಬೆಳೆದಿರುತ್ತದೆ. ಪ್ರತಿ ಆಯ್ಕೆಯ ಪಕ್ಕದಲ್ಲೂ ತೆರಿಗೆ ಸೇರಿದ ರೂಪಾಯಿ ಬೆಲೆ ಬರೆದುಕೊಡಿ ಅಂತ ಕೇಳಿ. ಅದನ್ನು ಕಂಡ ಕೂಡಲೇ ಅರ್ಧ ಪಟ್ಟಿ ತಾನಾಗಿ ಅಳಿಸಿಹೋಗುತ್ತದೆ. ಪಿಪಿಎಫ್‌ನಂಥ ಇಲ್ಲೇ ಮಾಡಿಸಬಹುದಾದ್ದನ್ನು ಇಲ್ಲೇ ಮಾಡಿಸಿ.

ಪೋರ್ಶೆಯ ಪೇಂಟ್ ಟು ಸ್ಯಾಂಪಲ್, ಲ್ಯಾಂಬೋರ್ಗಿನಿಯ ಆಡ್ ಪರ್ಸೊನಮ್, ಫೆರಾರಿಯ ಟೇಲರ್ ಮೇಡ್ ಇವು ಪಟ್ಟಿಯಲ್ಲಿಲ್ಲದ್ದನ್ನೂ ಮಾಡಿಕೊಡುವ ವಿಭಾಗಗಳು. ಗಾಡಿ ಇಟ್ಟುಕೊಳ್ಳುವವರಿಗೆ ಸರಿ. ಕೆಲವೇ ವರ್ಷದಲ್ಲಿ ಮಾರುವ ಯೋಚನೆ ಇದ್ದರೆ ಬಿಡಿ. ಕೊಳ್ಳುವವರು ಹೆಚ್ಚಾಗಿ ದಿಲ್ಲಿ, ಮುಂಬೈ, ಬೆಂಗಳೂರಿನವರು. ನಿಮ್ಮ ಮನೆದೇವರ ಪಲ್ಲಕ್ಕಿಯ ಬಣ್ಣ ಅವರಿಗೆ ಯಾಕೆ ಇಷ್ಟವಾಗಬೇಕು?

ಸಹಿ ಮಾಡುವ ಮೊದಲು

ಆಲಿವ್ ಹಸಿರಿನಿಂದ ದೂರ ಇರಿ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 121ನೇ ನಿಯಮದ ಪ್ರಕಾರ ಅದು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು. ಮಿಲಿಟರಿ ಹಸಿರಿನ ಮ್ಯಾಟ್ ಗಾಡಿ ಹೊರದೇಶದ ಫೋಟೊಗಳಲ್ಲಿ ಚೆನ್ನಾಗಿ ಕಾಣುತ್ತದೆ, ಅಷ್ಟೇ. ಹೊರಬಣ್ಣ ಆರ್‌ಸಿಯಲ್ಲಿ ದಾಖಲಾಗುತ್ತದೆ. ಮುಂದೆ ಬಣ್ಣದ ಹಾಳೆ ಹಾಕಿಸಿ ಬಣ್ಣ ಬದಲಿಸುವುದಾದರೆ ಆರ್‌ಟಿಒದಲ್ಲಿ ಅದನ್ನೂ ನಮೂದಿಸಿಕೊಳ್ಳಬೇಕು. ಪಾರದರ್ಶಕ ಪಿಪಿಎಫ್‌ಗೆ ಈ ತೊಂದರೆ ಇಲ್ಲ.

ಡೀಲರ್ ಕೊಡುವ ಅಂತಿಮ ಆರ್ಡರ್ ಹಾಳೆಯಲ್ಲಿ ಹೆಸರಿನ ಜೊತೆ ಕೋಡ್ ಇರುತ್ತದೆ. ಮೈಬಣ್ಣ, ಛಾವಣಿ, ಕನ್ನಡಿ, ವ್ಹೀಲ್, ಕ್ಯಾಲಿಪರ್, ಚರ್ಮ, ಹೊಲಿಗೆ ಎಲ್ಲವನ್ನೂ ಒಂದೊಂದೇ ಕೋಡ್ ನೋಡಿ ಗುರುತು ಹಾಕಿ. ಒಂದು ದಿನಾಂಕದ ಆಚೆ ಫ್ಯಾಕ್ಟರಿ ಬದಲಾವಣೆ ಒಪ್ಪುವುದಿಲ್ಲ, ಅದು ಯಾವ ದಿನ ಅಂತ ಬರವಣಿಗೆಯಲ್ಲೇ ಪಡೆಯಿರಿ.

ಪಿಪಿಎಫ್ ಹಾಕಿಸುವುದು ಬೆಂಗಳೂರಿನಲ್ಲೇ, ಗಾಡಿ ಹೆದ್ದಾರಿಗೆ ಇಳಿಯುವ ಮೊದಲೇ ಆಗಲಿ. ಫ್ಯಾಕ್ಟರಿಯ ಪೇಂಟ್ ಓವನ್‌ನಲ್ಲಿ ಬೆಂದು ಬಂದಿರುತ್ತದೆ, ಕಾಯಬೇಕಿಲ್ಲ. ರಿಪೇರಿಯಾಗಿ ಹೊಸದಾಗಿ ಹೊಡೆಸಿದ ಪೇಂಟ್ ಆದರೆ ಮಾತ್ರ ಒಣಗಲು ಕೆಲವು ವಾರ ಬಿಡಬೇಕು. ಗಾಡಿಯ ಮೇಲಿರುವ ಪೇಂಟ್ ಕೋಡ್ ಸ್ಟಿಕ್ಕರಿನ ಫೋಟೊ ತೆಗೆದಿಟ್ಟುಕೊಳ್ಳಿ. ಅದೇ ಕೋಡಿನ ಟಚ್-ಅಪ್ ಬಾಟಲಿ ಎರಡನ್ನು ಡೀಲರ್ ಹತ್ತಿರ ಕೇಳಿ, ಗಾಡಿಯ ಜೊತೆಯಲ್ಲೇ ತನ್ನಿ.